ವಾರದ ಸಭೆಯೂ ಊರಿನ ಸೇವೆಯೂ



ಹತ್ತು ಮಂದಿ ಒಂದೆಡೆ ಕೂಡಿದ್ದನ್ನು ಕಂಡರೆ "ಏನು ವಿಶೇಷ?" ಎಂದು ಕೇಳುವುದು ನಮ್ಮ ಜನರ ವಾಡಿಕೆ. ಮದುವೆಯಾಗಲಿ, ಜಾತ್ರೆಯಾಗಲಿ, ಪುರಾಣಶ್ರವಣವಾಗಲಿ, ವ್ಯಾಜ್ಯದ ಪಂಚಾಯಿತಿಯಾಗಲಿ ಇದ್ದರೆ ಕೂಡಿದ್ದಕ್ಕೆ ಕಾರಣ ಸಿಕ್ಕಿತು, ಕೇಳಿದವರಿಗೂ ಸಮಾಧಾನವಾಯಿತು. ಆದರೆ ಯಾವ ವಿಶೇಷವೂ ಇಲ್ಲದೆ, ವಾರಕ್ಕೊಮ್ಮೆ ಗೊತ್ತಾದ ದಿನ ಗೊತ್ತಾದ ವೇಳೆಗೆ, ಒಬ್ಬ ವೈದ್ಯನೂ ಒಬ್ಬ ನೂಲಿನ ವರ್ತಕನೂ ಒಬ್ಬ ಉಪಾಧ್ಯಾಯನೂ ಒಬ್ಬ ವಕೀಲನೂ ಒಂದೇ ಮೇಜಿನ ಸುತ್ತ ಕುಳಿತು, ಒಂದು ಗಂಟೆ ಮಾತನಾಡಿ, ಚಹ ಕುಡಿದು ಎದ್ದುಹೋಗುವರೆಂದರೆ, ಅದು ಉಂಡು ಸುಖವಾಗಿರುವವರ ಕಾಲಹರಣವೆಂದು ತೋರುವುದು ಸಹಜ. ಸೇವೆ ಮಾಡಬೇಕೆನ್ನುವವರು ಸೇವೆಯನ್ನು ಮಾಡಲಿ. ವಾರವಾರವೂ ಸಭೆ ಸೇರುವುದೇತಕ್ಕೆ? ಪ್ರಶ್ನೆಯು ಸರಳವಾದುದಾದರೂ ಹಗುರವಾದುದಲ್ಲ. ಇದಕ್ಕೆ ಸರಿಯಾದ ಉತ್ತರವನ್ನು ಕಂಡುಕೊಳ್ಳದ ಊರುಗಳಲ್ಲಿ ಇಂಥ ಸಂಘಗಳು ಉತ್ಸಾಹದಿಂದ ಹುಟ್ಟಿ, ನಾಲ್ಕಾರು ವರ್ಷಗಳಲ್ಲಿ ಬಸ್ ನಿಲ್ದಾಣದ ಬಳಿ ಒಂದು ಫಲಕವನ್ನು ಮಾತ್ರ ಉಳಿಸಿ ಅಡಗಿಹೋಗುವುದುಂಟು. ಆದಕಾರಣ ಇದನ್ನು ಸ್ವಲ್ಪ ವಿವರವಾಗಿ ವಿಚಾರಮಾಡುವುದು ಯುಕ್ತವೆಂದು ನಮಗೆ ತೋರುತ್ತದೆ.

ದೊಡ್ಡ ಪಟ್ಟಣಗಳ ಮಾತನ್ನು ಬದಿಗಿಟ್ಟು, ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಒಂದು ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಬನಹಟ್ಟಿ: ಇವು ಇಂದು ಬಾಗಲಕೋಟೆ ಜಿಲ್ಲೆಯ ಊರುಗಳು. ಒಂದರಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಒಂದೆರಡು ಗಂಟೆಯೊಳಗೆ ಹೋಗಿ ಮುಟ್ಟಬಹುದು. ಕವಿ ರನ್ನನು ಹುಟ್ಟಿದ ಮುಧೋಳವು ಘಟಪ್ರಭೆಯ ತೀರದಲ್ಲಿದೆ. ರಬಕವಿ ಬನಹಟ್ಟಿಗಳು ಮಗ್ಗದ ಸದ್ದಿನ ಅವಳಿ ಊರುಗಳು. ಇಷ್ಟು ಸಮೀಪದ ಊರುಗಳಾದರೂ 1948ರವರೆಗೆ ಇವು ಒಂದೇ ಆಳಿಕೆಗೆ ಸೇರಿದವಾಗಿರಲಿಲ್ಲ. ಜಮಖಂಡಿಯು ಪಟವರ್ಧನರ ಸಂಸ್ಥಾನ. ಬನಹಟ್ಟಿಯೂ ಅದಕ್ಕೆ ಸೇರಿತ್ತು. ಅದರ ಮಗ್ಗುಲಲ್ಲಿಯೇ ಇರುವ ರಬಕವಿಯು ಸಾಂಗಲಿ ಸಂಸ್ಥಾನದ್ದು. ಮುಧೋಳವು ಘೋರ್ಪಡೆಯವರ ಸಂಸ್ಥಾನ. ಬೀಳಗಿಯಾದರೋ ಬ್ರಿಟಿಷರ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಹೀಗೆ ನಾಲ್ಕು ಹೆಜ್ಜೆ ನಡೆದರೆ ದೊರೆ ಬೇರೆ, ಕಚೇರಿ ಬೇರೆ, ಕಾಯಿದೆ ಬೇರೆ. 1948ರ ಮಾರ್ಚ್ ತಿಂಗಳಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರಲ್ಲಿ ಕನ್ನಡನಾಡು ಒಂದಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯು ಪ್ರತ್ಯೇಕವಾಯಿತು. ಆಡಳಿತವು ಗಡಿಯನ್ನು ಒಂದು ಆಜ್ಞೆಯಿಂದ ಅಳಿಸಬಲ್ಲುದು. ಒಂದೂರಿನವರು ಇನ್ನೊಂದೂರಿನವರನ್ನು, ಒಂದು ಕಸಬಿನವರು ಇನ್ನೊಂದು ಕಸಬಿನವರನ್ನು ನಂಬುವಂತೆ ಮಾಡುವ ಕಾರ್ಯವು ಆಜ್ಞೆಗೆ ಒಳಪಟ್ಟುದಲ್ಲ. ಸೇವಾಸಂಘಗಳ ವಾರದ ಸಭೆಯ ಅರ್ಥವು ಇಲ್ಲಿಯೇ ಇದೆ.

ಈ ಪದ್ಧತಿಯ ಹುಟ್ಟನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಅಮೆರಿಕದ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರಿದ್ದರು. ಅವರು ಬೆಳೆದುದು ವರ್ಮಾಂಟ್ ಪ್ರಾಂತದ ವಾಲಿಂಗ್‌ಫರ್ಡ್ ಎಂಬ ಹಳ್ಳಿಯಲ್ಲಿ, ಅಜ್ಜ ಅಜ್ಜಿಯರ ಮನೆಯಲ್ಲಿ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯವುಂಟು. ಮಹಾನಗರದಲ್ಲಿ ಕಕ್ಷಿದಾರರುಂಟು, ಗೆಳೆಯರಿಲ್ಲ. ಈ ಏಕಾಕಿತನದ ಬೇಸರದಿಂದಲೇ ಸಂಘದ ಯೋಚನೆಯು ಹುಟ್ಟಿತು. 1905ನೆಯ ಇಸವಿ ಫೆಬ್ರುವರಿ 23ರ ಸಂಜೆ ಗಣಿಗಳ ಇಂಜಿನಿಯರಾದ ಗಸ್ಟೇವಸ್ ಲೋರ್ ಎಂಬವರ ಕಚೇರಿಯಲ್ಲಿ ನಾಲ್ವರು ಕೂಡಿದರು: ಒಬ್ಬ ವಕೀಲ, ಒಬ್ಬ ಇಂಜಿನಿಯರು, ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ದರ್ಜಿ. ಮುಂದಿನ ಸಭೆಯು ಇನ್ನೊಬ್ಬರ ಕಚೇರಿಯಲ್ಲಿ. ಅದರ ಮುಂದಿನದು ಮತ್ತೊಬ್ಬರಲ್ಲಿ. ಸರದಿಯಂತೆ ಸುತ್ತುತ್ತಿದ್ದ ಸಭೆಯಾದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂದಿತು. ಮೊದಲು ಹುಟ್ಟಿದುದು ಸ್ನೇಹವೆಂಬುದನ್ನು ಶ್ರೋತೃಗಳು ಗಮನಿಸಬೇಕು. ಸೇವೆಯು ಅದರ ಹಿಂದಿನಿಂದ ಬಂದಿತು. ಎರಡು ವರ್ಷಗಳ ತರುವಾಯ, 1907ರಲ್ಲಿ, ನಗರದ ಜನರಿಗಾಗಿ ಸಾರ್ವಜನಿಕ ಶೌಚಗೃಹವೊಂದು ಬೇಕೆಂದು ಈ ಗೆಳೆಯರು ಹೋರಾಡಿದರು. ಅವರ ಮೊದಲ ಲೋಕಸೇವೆಯು ಅದೇ. ಶಿಲಾಮೂರ್ತಿಯನ್ನು ನಿಲ್ಲಿಸುವ ಹಂಬಲಕ್ಕೆ ಹೋಗದೆ, ದಾರಿಹೋಕನ ಕಷ್ಟವನ್ನು ಕಂಡವರ ಕೆಲಸವದು.

ಹಿಂದೂಸ್ಥಾನದಲ್ಲಿ ಮೊದಲ ರೋಟರಿ ಸಂಘವು 1919ರಲ್ಲಿ ಕಲ್ಕತ್ತೆಯಲ್ಲಿ ಕೂಡಿತು. ಮುಂಬಯಿ, ಮದರಾಸುಗಳಲ್ಲಿ 1929ರಲ್ಲಿ, ಬೆಂಗಳೂರಿನಲ್ಲಿ 1934ರಲ್ಲಿ ಸಂಘಗಳಾದುವು. ಮೊದಮೊದಲು ಇವು ಬಹುಮಟ್ಟಿಗೆ ಐರೋಪ್ಯರ ಮತ್ತು ದೊಡ್ಡ ವರ್ತಕರ ಮಂಡಲಗಳಾಗಿದ್ದುವು. ಆದರೂ 1925ರ ಆಗಸ್ಟ್ ತಿಂಗಳಲ್ಲಿ ಕಲ್ಕತ್ತೆಯ ರೋಟರಿ ಸಭೆಯಲ್ಲಿ ಮಾತನಾಡಲು ಕರೆಸಿದ್ದು ಗಾಂಧೀಜಿಯವರನ್ನು. ಅವರು ಆಡಿದುದು ಚರಕದ ಮಾತು. ನೂಲಿನಿಂದ ಬಾಳುವ ರಬಕವಿ ಬನಹಟ್ಟಿಗಳವರು ನೆನೆಯತಕ್ಕ ಸಂಗತಿಯಿದು. ವಾರದ ಸಭೆಯ ಅತಿಥಿಯು ಸಭಿಕರಿಗೆ ಒಪ್ಪಿಗೆಯಾಗುವ ಮಾತನ್ನೇ ಆಡಬೇಕೆಂದಿಲ್ಲ. 1962ರಲ್ಲಿ ಕಲ್ಕತ್ತೆಯ ನಿತೀಶ್ ಲಾಹಿರಿಯವರು ವಿಶ್ವರೋಟರಿಗೆ ಅಧ್ಯಕ್ಷರಾದರು. ಏಷ್ಯಾಖಂಡದಿಂದ ಆ ಪದವಿಗೇರಿದವರಲ್ಲಿ ಅವರೇ ಮೊದಲಿಗರು. 1917ರಲ್ಲಿ ಅದೇ ಶಿಕಾಗೋವಿನಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆಯೂ 1956ರಿಂದ ನಮ್ಮ ದೇಶದಲ್ಲಿ ಬೆಳೆದಿದೆ. ಇಂದು ತಾಲೂಕಿನ ಊರುಗಳ ಜನರಿಗೂ ಈ ಹೆಸರುಗಳು ಅಪರಿಚಿತವಲ್ಲ.

ಇನ್ನು ಈ ಸಂಘಗಳ ಒಳಗಿನ ಕಟ್ಟಳೆಗಳನ್ನು ನೋಡೋಣ. ಎರಡು ನಿಯಮಗಳು ಮುಖ್ಯವಾದುವು. ಮೊದಲನೆಯದು ಕಸಬಿನ ನಿಯಮ. ಪ್ರಾರಂಭದಲ್ಲಿ ಒಂದು ಸಂಘಕ್ಕೆ ಒಂದು ಕಸಬಿನಿಂದ ಒಬ್ಬರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಈ ಬಿಗಿಯು ಕಾಲಕ್ರಮದಲ್ಲಿ ಸಡಿಲವಾಗಿದ್ದರೂ ಒಂದೇ ಕಸಬಿನವರು ಸಭೆಯನ್ನು ತುಂಬಬಾರದೆಂಬ ಭಾವನೆಯು ಉಳಿದಿದೆ. ಇದರ ಸಾರ್ಥಕ್ಯವು ಚಿಕ್ಕ ಊರಿನಲ್ಲಿ ಹೆಚ್ಚು. ವೈದ್ಯರು ವೈದ್ಯರೊಡನೆಯೂ ವರ್ತಕರು ವರ್ತಕರೊಡನೆಯೂ ಸಂಘದ ನೆರವಿಲ್ಲದೆಯೇ ಕೂಡುವರು. ಸಕ್ಕರೆ ಕಾರಖಾನೆಯ ಇಂಜಿನಿಯರನೂ ಕಬ್ಬು ಬೆಳೆಯುವ ರೈತನೂ, ಮಹಾಲಿಂಗಪುರದ ಬೆಲ್ಲದ ದಲಾಲನೂ ಹುಡುಗರಿಗೆ ಲೆಕ್ಕ ಕಲಿಸುವ ಮಾಸ್ತರನೂ ಸಮಾನರಾಗಿ ಕುಳಿತುಕೊಳ್ಳುವ ಸ್ಥಳವು ಊರಿನಲ್ಲಿ ಬೇರೆ ಎಲ್ಲಿದೆ?

ಎರಡನೆಯದು ಹಾಜರಿಯ ನಿಯಮ. ವಾರದ ಸಭೆಗೆ ಬಾರದವನು ಸದಸ್ಯನಾಗಿ ಉಳಿಯಲಾರನೆಂಬುದು ರೋಟರಿಯ ಹಳೆಯ ಕಟ್ಟುಪಾಡು. ಸಕಾರಣವಿಲ್ಲದೆ ಒಂದೇ ಸಮನೆ ನಾಲ್ಕು ಸಭೆಗಳಿಗೆ ತಪ್ಪಿದವನ ಸದಸ್ಯತ್ವವು ಹೋಗಬಹುದಾಗಿತ್ತು. ಆದರೆ ಈ ಕಟ್ಟುಪಾಡಿನಲ್ಲಿಯೇ ಒಂದು ಸೊಗಸಾದ ಅನುಕೂಲವನ್ನು ಇಟ್ಟಿದ್ದರು. ತನ್ನ ಊರಿನ ಸಭೆಗೆ ತಪ್ಪಿದವನು ಗೊತ್ತಾದ ಅವಧಿಯೊಳಗೆ ಬೇರೆ ಯಾವ ಊರಿನ ಸಂಘದ ಸಭೆಗೆ ಹೋಗಿ ಕುಳಿತರೂ ಆ ಹಾಜರಿಯು ಅವನ ಲೆಕ್ಕಕ್ಕೆ ಸೇರುವುದು. ಜಮಖಂಡಿಯ ಸದಸ್ಯನು ಕೆಲಸದ ಮೇಲೆ ಹುಬ್ಬಳ್ಳಿಗೋ ಕೊಲ್ಹಾಪುರಕ್ಕೋ ಹೋಗಿದ್ದರೆ ಅಲ್ಲಿಯ ಸಂಘವು ಅವನಿಗೆ ಅಪರಿಚಿತರ ಮನೆಯಲ್ಲ. ಹಿಂದೆ ಮೂರು ಸಂಸ್ಥಾನಗಳೂ ಒಂದು ಬ್ರಿಟಿಷ್ ತಾಲೂಕೂ ಹಂಚಿಕೊಂಡಿದ್ದ ಸೀಮೆಯಲ್ಲಿ ಇಂಥ ಹೋಗಿಬರುವಿಕೆಯ ಬೆಲೆಯನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಸಭೆಯು ನಡೆಯುವ ಬಗೆಯೂ ಸರಳವಾದುದು. ಅಧ್ಯಕ್ಷರು ಗಂಟೆ ಬಾರಿಸಿ ಸಭೆಯನ್ನು ತೊಡಗಿಸುವರು. ಪ್ರಾರ್ಥನೆ ಅಥವಾ ರಾಷ್ಟ್ರಗೀತೆಯಾಗುವುದು. ಕಾರ್ಯದರ್ಶಿಗಳು ಬಂದ ಪತ್ರಗಳನ್ನೂ ಮುಂದಿನ ಕೆಲಸಗಳನ್ನೂ ತಿಳಿಸುವರು. ಆ ವಾರ ಹುಟ್ಟಿದ ಹಬ್ಬವಿರುವ ಸದಸ್ಯರನ್ನು ಅಭಿನಂದಿಸುವುದುಂಟು. ತಡವಾಗಿ ಬಂದವನಿಗೆ ನಗೆಯ ನಡುವೆ ಸಣ್ಣ ದಂಡವನ್ನು ವಿಧಿಸಿ ಅದನ್ನು ಸೇವಾನಿಧಿಗೆ ಸೇರಿಸುವುದೂ ಉಂಟು. ಆಮೇಲೆ ಒಬ್ಬ ಅತಿಥಿಯ ಭಾಷಣ, ಒಂದೆರಡು ಪ್ರಶ್ನೆ, ವಂದನಾರ್ಪಣೆ, ಮತ್ತೆ ಗಂಟೆ. ಅನೇಕ ಕಡೆಗಳಲ್ಲಿ ಚತುರ್ವಿಧ ಪರೀಕ್ಷೆಯನ್ನು ಓದುವರು. 1932ರಲ್ಲಿ ಶಿಕಾಗೋವಿನ ಹರ್ಬರ್ಟ್ ಟೇಲರ್ ಎಂಬ ವ್ಯಾಪಾರಿಯು ಮುಳುಗುತ್ತಿದ್ದ ತನ್ನ ಪಾತ್ರೆಗಳ ಕಂಪನಿಯನ್ನು ಎತ್ತಿ ನಿಲ್ಲಿಸಲು ಬರೆದುಕೊಂಡ ನಾಲ್ಕು ಪ್ರಶ್ನೆಗಳಿವು: ಆಡುವ ಮಾತು ನಿಜವೇ, ಎಲ್ಲರಿಗೂ ನ್ಯಾಯವೇ, ಸ್ನೇಹವನ್ನು ಬೆಳೆಸುವುದೇ, ಸಂಬಂಧಪಟ್ಟವರಿಗೆಲ್ಲ ಹಿತವೇ ಎಂಬುದು ಅವುಗಳ ತಾತ್ಪರ್ಯ. ಸಭೆಯೆಲ್ಲ ಒಂದು ಗಂಟೆಯ ಕೆಲಸ. ಕಡೆಯಲ್ಲಿ ಚಹ, ಚುರುಮುರಿ.

ಆದರೆ ಸಭೆಯ ನಿಜವಾದ ಕಾರ್ಯವು ಈ ಕಾರ್ಯಕ್ರಮದ ಪಟ್ಟಿಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. ಬನಹಟ್ಟಿಯಂಥ ಊರು. ಭಾಷಣವು ಮುಗಿದಿದೆ, ಬಟ್ಟಲುಗಳ ಸದ್ದು ತೊಡಗಿದೆ. ನೂಲಿನ ವರ್ತಕನು ಪಕ್ಕದವನೊಡನೆ ಹೇಳುತ್ತಾನೆ: "ಹಳೆಯ ನೇಕಾರರು ಮಗ್ಗ ಬಿಡುತ್ತಿದ್ದಾರೆ, ಎಳೆ ಕಡಿದರೆ ಅವರಿಗೆ ಗೊತ್ತಾಗುವುದಿಲ್ಲ, ಸೀರೆಯಲ್ಲಿ ಕುಂದು ಬರುತ್ತದೆ, ಕೂಲಿ ಮುರಿಯುತ್ತದೆ." ಪಕ್ಕದಲ್ಲಿದ್ದವನು ಕಣ್ಣಿನ ವೈದ್ಯ. ಅವನು ಕೇಳುತ್ತಾನೆ: "ಅವರ ವಯಸ್ಸೆಷ್ಟು?" "ನಲವತ್ತು, ನಲವತ್ತೈದು." "ಹಾಗಾದರೆ ಅದು ರೋಗವಲ್ಲ. ಅವರಿಗೆ ಬೇಕಾದುದು ಚಾಳೀಸು." ನಮ್ಮ ಉತ್ತರದ ಸೀಮೆಯಲ್ಲಿ ಕನ್ನಡಕಕ್ಕೆ ಚಾಳೀಸೆಂದು ಹೆಸರು ಬಂದುದೇ ನಲವತ್ತರಲ್ಲಿ ಅದು ಬೇಕಾಗುವುದೆಂಬ ಕಾರಣದಿಂದ. ಆ ವಯಸ್ಸಿನ ಸುಮಾರಿಗೆ ಕಣ್ಣಿನೊಳಗಣ ಮಸೂರದ ಮೃದುತ್ವವು ಕಡಿಮೆಯಾಗಿ ಹತ್ತಿರದ ವಸ್ತುವು ಮಸುಕಾಗುವುದು ಎಲ್ಲ ಮನುಷ್ಯರಿಗೂ ಸಮಾನ. ಓದುವವನಿಗೆ ಅದು ಸಣ್ಣ ತೊಂದರೆ. ಎಳೆ ಎಣಿಸಿ ಬಾಳುವವನಿಗೆ ಅನ್ನದ ಪ್ರಶ್ನೆ. ಎದುರಿಗಿದ್ದ ಮಾಸ್ತರನು ಭಾನುವಾರ ಶಾಲೆಯ ಕೊಠಡಿಯನ್ನು ತೆರೆಸುವೆನೆನ್ನುತ್ತಾನೆ. ಔಷಧದ ಅಂಗಡಿಯವನು ಕನ್ನಡಕಗಳನ್ನು ಸಗಟು ದರದಲ್ಲಿ ತರಿಸುವೆನೆನ್ನುತ್ತಾನೆ. ಯಾರೂ ಅರ್ಜಿ ಬರೆಯಲಿಲ್ಲ; ಯಾರೂ ಭಾಷಣ ಮಾಡಲಿಲ್ಲ. ನೇಕಾರನ ಕಷ್ಟವು ವರ್ತಕನಿಗೆ ತಿಳಿದಿತ್ತು, ಪರಿಹಾರವು ವೈದ್ಯನಿಗೆ ತಿಳಿದಿತ್ತು. ಇಬ್ಬರೂ ಒಂದು ಮೇಜಿಗೆ ಬಂದುದರಿಂದ ಕೆಲಸವು ಹುಟ್ಟಿತು.

ಇದೇ ಮಾತು ವರ್ಷಕ್ಕೊಮ್ಮೆ ಕೂಡುವ ಮಹಾಸಭೆಯಲ್ಲಿ ಹುಟ್ಟುವುದು ಸಾಧ್ಯವೇ? ಕಷ್ಟ. ಏಕೆಂದರೆ ಅಪರೂಪಕ್ಕೆ ಕೂಡುವವರು ಒಬ್ಬರಿಗೊಬ್ಬರು ಒಳ್ಳೆಯ ಮಾತನ್ನು ಮಾತ್ರ ಆಡುವರು. ವಾರವಾರವೂ ನೋಡಿದವನ ಮುಂದೆ ಮನುಷ್ಯನು ತನ್ನ ಕಸಬಿನ ಕುಂದನ್ನೂ ಹೇಳಿಕೊಳ್ಳುವನು. ಸೇವೆಗೆ ಬೇಕಾದುದು ಈ ಎರಡನೆಯ ಬಗೆಯ ಮಾತು.

ರೋಟರಿಯ ಲಾಂಛನವಾದ ಹಲ್ಲಿನ ಚಕ್ರವನ್ನು ನೋಡಿದವರು ಅದರ ನಡುವಣ ರಂಧ್ರದಲ್ಲಿ ಒಂದು ಸಣ್ಣ ಕಚ್ಚನ್ನು ಕಂಡಿರಬಹುದು. ಮೊದಲ ಚಿತ್ರಗಳಲ್ಲಿ ಅದು ಇರಲಿಲ್ಲ. ಯಂತ್ರವನ್ನು ಬಲ್ಲವರು ಆಕ್ಷೇಪಿಸಿದರು: ಆ ಕಚ್ಚಿಲ್ಲದೆ ಚಕ್ರಕ್ಕೂ ಅದರ ಅಚ್ಚಿಗೂ ಹಿಡಿತವಿರಲಾರದು, ಚಕ್ರವು ತಾನು ಬರಿದೆ ತಿರುಗುತ್ತಿರುವುದೇ ಹೊರತು ಅಚ್ಚಿಗೆ ಬಲವನ್ನು ಕೊಡದು. 1920ರ ದಶಕದಲ್ಲಿ ಅದನ್ನು ತಿದ್ದಿ ಕಚ್ಚನ್ನು ಸೇರಿಸಿದರು. ವಿದ್ಯುನ್ಮಗ್ಗಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಘವು ಚಕ್ರವೆಂದಾದರೆ, ಊರು ಅದರ ಅಚ್ಚು. ಇವೆರಡನ್ನೂ ಕಚ್ಚಿ ಹಿಡಿಯುವುದು ವಾರದ ಆ ಒಂದು ಗಂಟೆ.

ಇಂಥ ಕೂಟವು ನಮಗೆ ಹೊಸದೆಂದು ಭಾವಿಸಲಾಗದು. ವಾರದ ಸಂತೆಯು ಕೊಳ್ಳುವ ಮಾರುವ ಸ್ಥಳವಾದಂತೆಯೇ ಹತ್ತೂರಿನ ಸುದ್ದಿಯು ಕೈಬದಲಾಗುವ ಸ್ಥಳವೂ ಹೌದು. ಭಜನೆಯ ಮೇಳಗಳಿಗೆ ಗೊತ್ತಾದ ವಾರಗಳುಂಟು. ಗದಗಿನ ತೋಂಟದಾರ್ಯ ಮಠದಲ್ಲಿ 1974ರಲ್ಲಿ ಪೀಠವನ್ನೇರಿದ ಸಿದ್ಧಲಿಂಗ ಸ್ವಾಮಿಗಳು ಸೋಮವಾರದ ಶಿವಾನುಭವಗೋಷ್ಠಿಯನ್ನು ದಶಕಗಳ ಕಾಲ ನಡೆಸಿ, ನಿಯತವಾದ ಕೂಟಕ್ಕೆ ಎಷ್ಟು ಬಲವಿದೆಯೆಂಬುದನ್ನು ತೋರಿಸಿಕೊಟ್ಟರು. ಹಬ್ಬದ ದಿನ ಜನರು ಬರುವುದು ದೊಡ್ಡದಲ್ಲ. ಮಳೆಯ ಸೋಮವಾರ ಹತ್ತು ಮಂದಿ ಬರುವುದು ದೊಡ್ಡದು.

ಜಮಖಂಡಿಯ ಸೀಮೆಗೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು, ಒಂದು ಬ್ಯಾರೇಜನ್ನು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಅದರ ಮುಂದಾಳಾದ ಸಿದ್ದು ನ್ಯಾಮಗೌಡರನ್ನು ಜನರು ಬ್ಯಾರೇಜ್ ಸಿದ್ದು ಎಂದೇ ಕರೆದರು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೂ ಆರಿಸಿದರು. ಅದು ಯಾವ ಕ್ಲಬ್ಬಿನ ಕಾರ್ಯವೂ ಅಲ್ಲ. ಆದರೆ ಒಬ್ಬ ರೈತನು ತನ್ನ ಹಣವನ್ನು ಇನ್ನೊಬ್ಬನ ಕೈಗೆ ಕೊಟ್ಟು, ಬೇಸಗೆಗೆ ನೀರು ನಿಲ್ಲುವುದೆಂದು ಕಾದನಲ್ಲ, ಆ ನಂಬಿಕೆಯು ಸಿಮೆಂಟಿಗಿಂತ ಮೊದಲು ಬೇಕಾದ ಸಾಮಗ್ರಿ. ಬಾಯಾರಿಕೆಯು ತೀವ್ರವಾದಾಗ ನಂಬಿಕೆಯು ತಾನಾಗಿ ಹುಟ್ಟಬಹುದು. ಸಂಕಟವಿಲ್ಲದ ದಿನಗಳಲ್ಲಿ ಅದನ್ನು ಒಣಗಗೊಡದೆ ಇಟ್ಟುಕೊಳ್ಳುವುದು ವಾರದ ಸಭೆಯ ಉದ್ಯೋಗ.

ಸಣ್ಣ ಸಭೆಗಳು ಕೂಡಿ ಎಷ್ಟು ದೊಡ್ಡ ಕಾರ್ಯವನ್ನು ಮಾಡಬಲ್ಲುವೆಂಬುದಕ್ಕೆ ಪೋಲಿಯೋ ಸಾಕ್ಷಿ. 1985ರಲ್ಲಿ ರೋಟರಿಯು ಈ ರೋಗವನ್ನು ಲೋಕದಿಂದ ತೊಲಗಿಸುವ ಸಂಕಲ್ಪವನ್ನು ಮಾಡಿತು. 1995ರಿಂದ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ದಿನಗಳು ನಡೆದುವು. ಸರ್ಕಾರದ ಆರೋಗ್ಯ ಶಾಖೆಯವರು, ಅಂಗನವಾಡಿಯವರು, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಇವರೊಡನೆ ಸಂಘಗಳ ಸದಸ್ಯರೂ ಲಸಿಕೆಯ ಕೇಂದ್ರಗಳಲ್ಲಿ ನಿಂತರು. 2011ರ ಜನವರಿಯಲ್ಲಿ ಬಂಗಾಳದ ಹೌರಾದಲ್ಲಿ ಕಂಡುದೇ ಕಡೆಯ ಪ್ರಕರಣ. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು. ಯಾವ ಓಣಿಯ ಮಗು ಹನಿ ತಪ್ಪಿಸಿಕೊಂಡಿದೆ, ಯಾವ ತಾಯಿ ಯಾರ ಮಾತನ್ನು ಕೇಳುವಳು ಎಂಬುದು ಊರಿನವರಿಗೆ ಮಾತ್ರ ತಿಳಿಯುವ ಸಂಗತಿ.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮರೆಮಾಡುವುದು ನ್ಯಾಯವಲ್ಲ. ಈ ಸಂಘಗಳು ಬಹುಕಾಲ ಸ್ತ್ರೀಯರಿಗೆ ಬಾಗಿಲು ಮುಚ್ಚಿದ್ದುವು. ಕ್ಯಾಲಿಫೋರ್ನಿಯದ ಡ್ವಾರ್ಟೆ ಎಂಬ ಊರಿನ ಸಂಘವು ಸ್ತ್ರೀಯರನ್ನು ಸೇರಿಸಿಕೊಂಡುದಕ್ಕಾಗಿ ಹೊರಗಾಯಿತು; 1987ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪಾಯಿತು; 1989ರಲ್ಲಿ ರೋಟರಿಯು ತನ್ನ ನಿಯಮವನ್ನು ಬದಲಿಸಿತು. 2022ರಲ್ಲಿ ಒಬ್ಬ ಮಹಿಳೆಯು ವಿಶ್ವಾಧ್ಯಕ್ಷೆಯೂ ಆದಳು. ಆದರೆ ನಿಯಮದಲ್ಲಿ ತೆರೆದ ಬಾಗಿಲು ನಮ್ಮ ಊರುಗಳಲ್ಲಿ ಎಷ್ಟು ತೆರೆದಿದೆಯೆಂದು ಸದಸ್ಯರೇ ತಮ್ಮನ್ನು ಕೇಳಿಕೊಳ್ಳಬೇಕು. ಚಂದಾ ಹಣವು ಭಾರವಾದರೆ ಮಾಸ್ತರನೂ ನೇಕಾರನೂ ಹೊರಗುಳಿಯುವರು. ಕನ್ನಡ ಬಲ್ಲವರೇ ಕುಳಿತ ಸಭೆಯನ್ನು ಇಂಗ್ಲಿಷಿನಲ್ಲಿ ನಡೆಸಿದರೆ ಅರ್ಧ ಮಂದಿ ಬಾಯಿ ಮುಚ್ಚುವರು. ಅಧಿಕಾರ ವಹಿಸಿಕೊಳ್ಳುವ ಸಮಾರಂಭಕ್ಕೆ ನೂರು ಹಾರಗಳೂ ವಾರದ ಸಭೆಗೆ ಆರು ಜನರೂ ಬರುವ ಸಂಘವು ಮದುವೆಯಾಗಿ ಸಂಸಾರ ಹೂಡದ ಮನೆಯಂತೆ. ಜುಲೈ 1ಕ್ಕೆ ಅಧ್ಯಕ್ಷರು ಬದಲಾಗುವ ಪದ್ಧತಿಯು ಒಬ್ಬರ ಕೈಗೇ ಅಧಿಕಾರವು ಅಂಟಿಕೊಳ್ಳದಂತೆ ಕಾಯುವುದು ನಿಜ. ಹಿಂದಿನವರು ನೆಟ್ಟ ಸಸಿಗೆ ಮುಂದಿನವರು ನೀರೆರೆಯದಿದ್ದರೆ ಅದೇ ಕೇಡಿಗೂ ದಾರಿ.

2016ರಲ್ಲಿ ರೋಟರಿಯು ಹಾಜರಿಯ ಕಟ್ಟನ್ನು ಸಡಿಲಿಸಿ, ತಿಂಗಳಿಗೆ ಎರಡು ಸಭೆಗಳಾದರೂ ಸಾಕೆಂದು ಸಂಘಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟಿತು. ದೂರವಾಣಿಯ ಮತ್ತು ಪರದೆಯ ಮೂಲಕ ಕೂಡುವುದೂ ಈಗ ಒಪ್ಪಿಗೆಯಾಗಿದೆ. ಮಹಾನಗರಗಳಲ್ಲಿ ದಾರಿಯ ದಟ್ಟಣೆಯಿಂದ ಬೇಸತ್ತವರಿಗೆ ಇದು ಉಪಕಾರವೇ ಸರಿ. ಚಿಕ್ಕ ಊರಿನವರು ಈ ಸಡಿಲಿಕೆಯನ್ನು ಬೇಗ ಬಳಸಿಕೊಳ್ಳಬಾರದೆಂದು ನಮ್ಮ ಅಭಿಪ್ರಾಯ. ದೂರವಾಣಿಯಲ್ಲಿ ಸುದ್ದಿಯನ್ನು ಹಂಚಬಹುದು. ನೂಲಿನ ವರ್ತಕನು ಪಕ್ಕದವನಿಗೆ ಮೆಲ್ಲಗೆ ಆಡಿದ ಆ ಮಾತನ್ನು ಅದರಲ್ಲಿ ಯಾರು ಆಡುವರು?

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಈ ಸೀಮೆಯ ಮನೆಗಳಿಗೂ ಮಗ್ಗಗಳಿಗೂ ಹೊಲಗಳಿಗೂ ಆದ ಹಾನಿಯನ್ನು ಕೇಳಿ ಬಲ್ಲೆವು. ಅಂಥ ವೇಳೆಯಲ್ಲಿ ಯಾರಲ್ಲಿ ಟ್ರ್ಯಾಕ್ಟರಿದೆ, ಯಾವ ಶಾಲೆಯ ಬೀಗದ ಕೈ ಯಾರ ಬಳಿಯಿದೆ, ಯಾವ ಅಂಗಡಿಯವನು ಮಧ್ಯರಾತ್ರಿಯಲ್ಲಿ ಅಕ್ಕಿಯ ಚೀಲವನ್ನು ಬಿಚ್ಚುವನು, ಯಾವ ವೈದ್ಯನು ಕರೆದೊಡನೆ ಬರುವನು ಎಂಬ ತಿಳಿವಳಿಕೆಯೇ ಊರಿನ ಸಂಪತ್ತು. ಹೊಳೆ ಬಂದ ರಾತ್ರಿ ಪರಿಚಯ ಮಾಡಿಕೊಳ್ಳುವುದಕ್ಕೆ ವೇಳೆಯಿರುವುದಿಲ್ಲ. ಅದನ್ನು ಹೊಳೆ ಬಾರದ ನೂರಾರು ಸಂಜೆಗಳಲ್ಲಿ, ಚಹದ ಬಟ್ಟಲಿನ ಮುಂದೆ, ಯಾವ ವಿಶೇಷವೂ ಇಲ್ಲದೆ ಮಾಡಿಕೊಂಡಿರಬೇಕು.

ಆದುದರಿಂದ ಈ ವಾರ ನಿಮ್ಮ ಊರಿನಲ್ಲಿ ಹತ್ತು ಮಂದಿ ಕೂಡಿದ್ದನ್ನು ಕಂಡು "ಏನು ವಿಶೇಷ?" ಎಂದು ಯಾರಾದರೂ ಕೇಳಿದರೆ, "ವಿಶೇಷವೇನೂ ಇಲ್ಲ, ವಾರದ ಸಭೆ" ಎಂದು ಸಂಕೋಚವಿಲ್ಲದೆ ಹೇಳಬಹುದು. ಕೇಳಿದವರನ್ನೂ ಒಳಗೆ ಕರೆದು ಕುಳ್ಳಿರಿಸಿಕೊಂಡರೆ ಇನ್ನೂ ಒಳ್ಳೆಯದು.